ಸೊಟ್ಟ ಪುಕ್ಕದ ಕಾಗದದ ಕೋಳಿ

ಒಂದು ಕಾಡಿನಲ್ಲಿ ಒಂದೇ ಒಂದು ಕೋಳಿ ಇತ್ತು. ಅದರ ಹೆಸರು ಕೆಂಚಿ. ಕಾಡಿನಲ್ಲಿ ಊರಕೋಳಿಗೇನು ಕೆಲಸ ಎನ್ನುತ್ತೀರಾ? ಸಂತೆಗೆ ಹೊರಟಿದ್ದ ಟೆಂಪೋದಿಂದ ಒಂದು ಬುಟ್ಟಿ ಉರುಳಿಬಿದ್ದಿತ್ತು. ಅದರೊಳಗಿದ್ದವಳು ಇವಳೊಬ್ಬಳೇ.

ಕಾಡಿನಲ್ಲಿ ಹುಳು ಬೇಕಾದಷ್ಟಿತ್ತು, ನೀರಿತ್ತು. ಮಾತಿಗೆ ಮಾತ್ರ ಯಾರೂ ಇರಲಿಲ್ಲ. ನವಿಲುಗಳು ಅವಳನ್ನು ಕಂಡರೆ ಕತ್ತು ತಿರುಗಿಸುತ್ತಿದ್ದವು. ಮೊಟ್ಟೆಯಿಟ್ಟಾಗ ಕೆಂಚಿ ಕೊಕ್ಕೊಕ್ಕೋ ಎಂದು ಕೂಗುತ್ತಿದ್ದಳು. ಊರಿನಲ್ಲಾಗಿದ್ದರೆ ಹತ್ತು ಕೋಳಿ ಜೊತೆಗೆ ಕೂಗುತ್ತಿದ್ದವು. ಇಲ್ಲಿ ಅವಳ ಕೂಗು ಅವಳೊಬ್ಬಳಿಗೇ ಕೇಳುತ್ತಿತ್ತು. ಕೇಳುವವರಿಲ್ಲದೆ ಕೂಗುವುದು ಬಹಳ ಕಷ್ಟ, ಮಕ್ಕಳೇ.

ಕಾಡಿನ ಅಂಚಿನಲ್ಲಿ ಒಂದು ಪುಟ್ಟ ಶಾಲೆ ಇತ್ತು. ಒಂದು ಶನಿವಾರ ಟೀಚರ್ ಒಂದನೇ ತರಗತಿಯ ಮಕ್ಕಳಿಗೆ ಕೋಳಿ ಮಾಡುವುದನ್ನು ಹೇಳಿಕೊಟ್ಟರು. ಮಕ್ಕಳು ಅಂಗೈಗೆ ಬಣ್ಣ ಬಳಿದುಕೊಂಡು ಹಾಳೆಯ ಮೇಲೆ ಒತ್ತಿದರು. ಹೆಬ್ಬೆರಳು ಕೋಳಿಯ ತಲೆಯಾಯಿತು. ಉಳಿದ ನಾಲ್ಕು ಬೆರಳು ಪುಕ್ಕವಾದವು. ಮೈದಾ ಅಂಟು ಹಚ್ಚಿ ಕೆಂಪು ಕಾಗದದ ಜುಟ್ಟು ಅಂಟಿಸಿದರು, ಸಾಸಿವೆಕಾಳಿನ ಕಣ್ಣಿಟ್ಟರು. ಕಿಟಕಿಯಾಚೆ ಪೊದೆಯಲ್ಲಿ ಕೂತು ಕೆಂಚಿ ಇದನ್ನೆಲ್ಲ ನೋಡಿದಳು. ಒಳಗೆ ಹೋಗಲು ಧೈರ್ಯವಿರಲಿಲ್ಲ. ಮನುಷ್ಯರೆಂದರೆ ಅವಳಿಗೆ ಬುಟ್ಟಿಯೇ ನೆನಪಾಗುತ್ತಿತ್ತು.

ಅಂಗಳದಲ್ಲಿ ಒಣಗಲು ಇಟ್ಟಿದ್ದ ಒಂದು ಹಾಳೆ ಗಾಳಿಗೆ ಹಾರಿ ಪೊದೆಗೆ ಬಂತು. ಅದರಲ್ಲಿದ್ದ ಕೋಳಿಯ ಕೊನೆಯ ಪುಕ್ಕ ಸೊಟ್ಟಗಿತ್ತು. ಕೆಂಚಿ ಅದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ತಾನು ಮಲಗುವ ಕೊಂಬೆಗೆ ತಂದಳು. ದಿನಾ ಅದರ ಹತ್ತಿರ ಮಾತಾಡಿದಳು. ಕಾಗದದ ಕೋಳಿ ಉತ್ತರ ಕೊಡುತ್ತಿರಲಿಲ್ಲ. ಆದರೆ ಎದ್ದೂ ಹೋಗುತ್ತಿರಲಿಲ್ಲ. ಕೆಂಚಿಗೆ ಅಷ್ಟೇ ಸಾಕಾಗಿತ್ತು.

ಇದನ್ನು ಒಂದು ನರಿ ನೋಡುತ್ತಿತ್ತು. ಕೊಂಬೆ ಅದಕ್ಕೆ ಎಟುಕುತ್ತಿರಲಿಲ್ಲ. ‘ಇವಳಿಗೆ ಜೊತೆ ಬೇಕು, ನನಗೆ ಊಟ ಬೇಕು’ ಎಂದುಕೊಂಡಿತು. ಶಾಲೆಯ ಹಿಂದೆ ಬಿದ್ದಿದ್ದ ಹಾಳೆಯೊಂದನ್ನು ಹೆಕ್ಕಿ ತಂದಿತು. ಕೆಮ್ಮಣ್ಣಿನ ಕೆಸರಿನಲ್ಲಿ ಪಂಜ ಅದ್ದಿ ಅದರ ಮೇಲೆ ಒತ್ತಿತು. ಜುಟ್ಟಿನ ಬದಲು ಒಂದು ಹೂವಿನೆಸಳು ಅಂಟಿಸಿತು. ತನ್ನ ಜಾಣತನಕ್ಕೆ ತಾನೇ ಬೀಗಿತು.

"ಕೆಂಚಕ್ಕ, ಒಳ್ಳೆ ಸುದ್ದಿ ತಂದಿದ್ದೀನಿ," ಎಂದಿತು ನರಿ. "ಗುಡ್ಡದ ಆಚೆ ಹದಿನೆಂಟು ಕೋಳಿ ಇದಾವೆ. ಒಬ್ಬಳು ನಿನ್ನ ತಂಗಿಯಂತೆ. ಅಲ್ಲಿನ ಶಾಲೆ ಮಕ್ಕಳು ಅವಳ ಚಿತ್ರ ಮಾಡಿ ಕಳಿಸಿದಾರೆ."

"ಅವಳು ನನ್ನನ್ನ ಕೇಳಿದಳಾ, ನರಿಯಣ್ಣ?"

"ದಿನಾ ಕೇಳ್ತಾಳೆ, ಪಾಪ. ಇಳಿದು ಬಾ, ಕರ್ಕೊಂಡು ಹೋಗ್ತೀನಿ."

"ಮೊದಲು ಚಿತ್ರ ಕೊಡು."

ನರಿ ಹಿಂಗಾಲ ಮೇಲೆ ನಿಂತು ಹಾಳೆಯನ್ನು ಕೆಳಗಿನ ಕೊಂಬೆಗೆ ಸಿಕ್ಕಿಸಿತು. ಕೆಂಚಿ ಅದನ್ನು ಮೇಲೆಳೆದುಕೊಂಡು ತನ್ನ ಕಾಗದದ ಕೋಳಿಯ ಪಕ್ಕ ಇಟ್ಟಳು. ಈ ಕೋಳಿಗೆ ತಲೆಯೇ ಇರಲಿಲ್ಲ. ಜುಟ್ಟು ಒಂದು ಪುಕ್ಕದ ಮೇಲಿತ್ತು. ಪ್ರತಿ ಪುಕ್ಕದ ತುದಿಯಲ್ಲೂ ಉಗುರಿನ ಗೀರಿತ್ತು. ಹೆಬ್ಬೆರಳಿಲ್ಲದ, ಇಂಥ ಉಗುರಿನ ಮಗು ಯಾವ ಶಾಲೆಯಲ್ಲಿದೆ? ಕೆಂಚಿಗೆ ಎಲ್ಲ ಅರ್ಥವಾಯಿತು.

ಅರ್ಥವಾದ ಮೇಲೂ ಅವಳಿಗೆ ಹೋಗಿಬಿಡೋಣ ಎನಿಸಿತು. ಯಾರೋ ದಿನಾ ತನ್ನನ್ನು ಕೇಳುತ್ತಾರೆ ಎಂಬ ಸುಳ್ಳು ಅಷ್ಟು ಹಿತವಾಗಿತ್ತು. ಕೆಳಗಿನ ಕೊಂಬೆಗೆ ಒಂದು ಕಾಲನ್ನೂ ಇಟ್ಟಳು. ಆಗ ಸೊಟ್ಟ ಪುಕ್ಕ ಕಣ್ಣಿಗೆ ಬಿತ್ತು. ‘ತಂಗಿ ಸುಳ್ಳು. ಈ ಸೊಟ್ಟ ಬೆರಳಿನ ಮಗು ಸುಳ್ಳಲ್ಲವಲ್ಲ’ ಎಂದುಕೊಂಡಳು. ಕಾಗದದ ಕೋಳಿಯನ್ನು ಕಚ್ಚಿಕೊಂಡು ಶಾಲೆಯ ಕಡೆಗೆ ಹಾರಿ, ಬಿದ್ದೆನೋ ಎದ್ದೆನೋ ಎಂದು ಓಡಿದಳು. ಊಟ ಕೈತಪ್ಪಿತೆಂದು ನರಿಯೂ ಬೆನ್ನಟ್ಟಿತು.

ಕೆಂಚಿ ತರಗತಿಗೆ ನುಗ್ಗಿ ಮೇಜಿನ ಕೆಳಗೆ ಸೇರಿಕೊಂಡಳು. ಹಿಂದೆಯೇ ನರಿ ಬಂತು. ಅಂದೂ ಕಾಗದ ಅಂಟಿಸುತ್ತಿದ್ದ ಮಕ್ಕಳು ಬಿಸಿಯೂಟದ ತಟ್ಟೆಗಳನ್ನು ಬಡಿದು ಕಿರುಚಿದರು. ಗಾಬರಿಯಲ್ಲಿ ನರಿ ಮೈದಾ ಅಂಟಿನ ಪಾತ್ರೆಗೆ ಬಾಲ ಅದ್ದಿ, ಬಣ್ಣದ ಕಾಗದದ ಚೂರುಗಳ ಮೇಲೆ ಹೊರಳಿ, ಕಾಡಿಗೆ ಓಟ ಕಿತ್ತಿತು. ಆಮೇಲೆ ಅದು ಎಲ್ಲಿ ಹೊಂಚು ಹಾಕಿದರೂ ಬಾಲ ಸರಸರ ಎನ್ನುತ್ತಿತ್ತು. ಇಲಿಮರಿಯೂ ಸದ್ದು ಕೇಳಿ ಬಿಲ ಸೇರುತ್ತಿತ್ತು. ಮಳೆಗಾಲ ಬರುವವರೆಗೆ ನರಿ ಉದುರಿದ ಹಣ್ಣು ತಿಂದು ದಿನ ದೂಡಿತು.

ಇತ್ತ ತರಗತಿಯಲ್ಲಿ, ನರಿ ಓಡಿದ ಮೇಲೂ ಕೆಂಚಿ ಮೇಜಿನ ಕೆಳಗೇ ಅವಿತಿದ್ದಳು. ಮಾದೇವಿ ಎಂಬ ಹುಡುಗಿ ನೆಲದ ಮೇಲೆ ಕೂತು ಬಗ್ಗಿ ನೋಡಿದಳು.

"ಟೀಚರ್, ಇದು ನಾನು ಮಾಡಿದ್ ಕೋಳಿ. ಕಳೆದೋಗಿತ್ತಲ್ಲ, ಅದು."

ಅವಳು ಹಾಳೆಯ ಮೇಲೆ ಅಂಗೈ ಇಟ್ಟಳು. ಅವಳ ಸೊಟ್ಟ ಕಿರುಬೆರಳು ಸೊಟ್ಟ ಪುಕ್ಕದ ಮೇಲೆ ಸರಿಯಾಗಿ ಕೂತಿತು. ಕೆಂಚಿ ಆ ಕೈಯನ್ನು ತುಂಬ ಹೊತ್ತು ನೋಡಿದಳು. ಮೆಲ್ಲಗೆ ಬಂದು ಅದರ ಪಕ್ಕ ಕೂತಳು.

ಮಾರನೆಯ ದಿನ ಕೆಂಚಿ ಮೇಜಿನ ಕೆಳಗೆ ಮೊಟ್ಟೆಯಿಟ್ಟು ಕೊಕ್ಕೊಕ್ಕೋ ಎಂದು ಕೂಗಿದಳು. ಒಂದನೇ ತರಗತಿಯ ಇಪ್ಪತ್ತೆರಡು ಮಕ್ಕಳೂ ಜೊತೆಗೆ ಕೂಗಿದರು.

ನೀತಿ: ಎಷ್ಟೇ ಒಂಟಿಯಾಗಿದ್ದರೂ ಹಿತವಾದ ಸುಳ್ಳಿನ ಹಿಂದೆ ಹೋಗಬಾರದು, ಒಂಟಿಯಾದವರನ್ನು ವಂಚಿಸಲು ಹೋದವರಿಗೆ ಅವರ ವಂಚನೆಯೇ ಅಂಟಿಕೊಳ್ಳುತ್ತದೆ.