ಗಾಳಿ ನೋಡಿ ಹಚ್ಚಿದ ಬೆಂಕಿ

ಅಡವಯ್ಯಜ್ಜ ಜೋಳಿಗೆ ಹಿಡಿದು ಎರಡು ತಿಂಗಳು ಊರೂರು ತಿರುಗಿ ಮಠಕ್ಕೆ ಮರಳಿದಾಗ ಮಠದ ಹಿಂದಿನ ಹೊಳೆದಂಡೆ ಕಪ್ಪಗಾಗಿತ್ತು.

ಮರಳಿನ ಮೇಲೆ ವಯರಿನ ಗುಡ್ಡೆಗಳು ಬಿದ್ದಿದ್ದವು. ಕಂಪ್ಯೂಟರಿನವು, ಟೀವಿಯವು, ಹೆಸರೇ ಗೊತ್ತಿಲ್ಲದ ಯಂತ್ರಗಳವು.

ಶಿಷ್ಯ ಕಲ್ಮೇಶ ಓಡಿಬಂದು ಕಾಲಿಗೆರಗಿದ. ಗುರುಗಳಿಲ್ಲದಾಗ ಮಠ ನೋಡಿಕೊಳ್ಳುವ ಭಾರ ಅವನದು. ಹೇಳಿಕೊಳ್ಳುವ ಹುರುಪಿನಲ್ಲಿ ಕಾಲಿಗೆ ನೀರು ಕೊಡುವುದನ್ನೂ ಮರೆತ.

“ಇದೇನೋ?”

“ತಾಮ್ರರೀ ಅಜ್ಜಾರ. ವಯರ್ ಸುಟ್ಟರ ಮ್ಯಾಲಿನ ಪ್ಲಾಸ್ಟಿಕ್ ಹೋಗಿ ತಾಮ್ರ ಉಳೀತೈತಿ. ಊರಾಗಿನ ಇಪ್ಪತ್ತು ಹೆಣ್ಮಕ್ಕಳಿಗೆ ಕೆಲಸ ಸಿಕ್ಕೈತಿ. ಈ ವರ್ಷ ಒಬ್ಬರೂ ಗುಳೆ ಹೋಗಿಲ್ಲ.”

“ಎಲ್ಲಿಂದ ಬಂತು?”

“ಪರದೇಶದಿಂದ್ರೀ. ಅಲ್ಲಿಯವರು ಹೊಸಾ ಮಷೀನು ತಗೊಂಡು ಹಳೇದು ಒಗೀತಾರ. ಹಡಗಿನ್ಯಾಗ ಬಂದು, ಲಾರಿ ಏರಿ, ನಮ್ಮ ದಂಡಿಗೆ ಬರ್ತಾವು.”

“ಅವರಿಗೆ ತಾಮ್ರ ಬ್ಯಾಡೇನು?”

“ಬೇಕ್ರೀ. ಆದರ ಅಲ್ಲಿ ಸುಡಾಕ ಬಿಡೂದಿಲ್ಲಂತ. ಹೊಗಿ ವಿಷ ಅಂತಾರ.”

ಅಜ್ಜ ಅವನ ಮುಖ ನೋಡಿದರು. ಕಲ್ಮೇಶನ ಬಳಿ ಉತ್ತರ ತಯಾರಿತ್ತು.

“ನಮ್ಮ ಮಠಕ್ಕ ಒಂದು ಎಳಿ ಹೊಗಿ ಬರಾಕ ಬಿಟ್ಟಿಲ್ರೀ. ದಿನಾ ಮುಂಜಾನೆ ಚಿಟಿಕಿ ಬೂದಿ ತೂರಿ ಗಾಳಿ ನೋಡ್ತೀನಿ. ಹೊಳಿ ಆಚೆ ಬೀಸಿದರಷ್ಟ ಬೆಂಕಿ. ನಮ್ಮ ಕಡೆ ಬೀಸಿದರ ಅವತ್ತು ಸೂಟಿ.”

ಅದು ಸುಳ್ಳಲ್ಲ. ಪೂಜೆ ಒಂದು ಗಳಿಗೆ ತಡವಾದದ್ದುಂಟು, ಗಾಳಿ ನೋಡುವುದು ತಡವಾದದ್ದಿಲ್ಲ. ಅಷ್ಟು ನಿಷ್ಠೆ.

“ಆತು,” ಎಂದರು ಅಜ್ಜ.

ಶಹಬ್ಬಾಸ್ ಅಂದಾರು ಎಂದು ಕಾದಿದ್ದ ಕಲ್ಮೇಶನಿಗೆ ಬರೀ ‘ಆತು’ ಸಪ್ಪೆ ಎನಿಸಿತು.

ಮರುದಿನ ಮುಂಜಾನೆ ಗುರುಗಳ ಕಂಬಳಿ ಜಾಗದಲ್ಲಿರಲಿಲ್ಲ. ಗುರುಗಳೂ ಇರಲಿಲ್ಲ.

ಕಲ್ಮೇಶ ಮಠವೆಲ್ಲ ಹುಡುಕಿ, ಸಿಗದೆ, ದಂಡೆಗೆ ಬಂದು ರೂಢಿಯಂತೆ ಬೂದಿ ತೂರಿದ. ಬೂದಿ ಹೊಳೆಯಾಚೆ ಹಾರಿತು. ಅದು ಹಾರಿದ ಕಡೆ ನೋಡಿದರೆ, ಆಚೆ ದಂಡೆಯ ಅಂಬಿಗರ ಗುಡಿಸಲುಗಳ ಮುಂದೆ ಕಂಬಳಿ ಹಾಸಿಕೊಂಡು ಅಜ್ಜ ಕುಳಿತಿದ್ದರು.

ಹೆಣ್ಣುಮಕ್ಕಳು ವಯರ್ ಒಟ್ಟಿ, ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದರು.

“ಗಾಳಿ ಛಲೋ ಐತಲ್ರೀ. ಹಚ್ಚೂಣೇನು?” ಎಂದಳು ಅವರಲ್ಲಿ ಹಿರಿಯಳಾದ ಫಕೀರವ್ವ.

“ಬ್ಯಾಡ. ಇವತ್ತು ಬ್ಯಾಡ.”

ಮಾರನೆಯ ದಿನವೂ ಗಾಳಿ ಛಲೋ ಇತ್ತು. ಅಜ್ಜನೂ ಅಲ್ಲೇ ಇದ್ದರು.

ಮೂರನೆಯ ದಿನ ಫಕೀರವ್ವನ ಸಹನೆ ಮುಗಿಯಿತು.

“ನಿಮ್ಮ ಗುರುಗಳು ಹೊಳಿ ಆಚೆ ತಪಸ್ಸಿಗೆ ಕುಂತರ, ಈಚೆ ನಾವು ಉಪಾಸ ಕುಂಡ್ರಬೇಕೇನ್ರೀ? ಒಂದು ಮಾತು ಹೇಳಿಬಿಡ್ರಿ. ನಾಳೆ ನಾವು ಗುಳೆ ಹೋಗೂ ಲಾರಿ ಹತ್ತತೀವಿ.”

ಕಲ್ಮೇಶನಿಗೆ ಅತ್ತ ದರಿ, ಇತ್ತ ಪುಲಿ. ದೋಣಿ ಹತ್ತಿದ.

ಆಚೆ ದಂಡೆಯಲ್ಲಿ ಮೀನು ಒಣಹಾಕುತ್ತಿದ್ದ ಮುದುಕಿಯೊಬ್ಬಳು ಅವನನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಅವಳು ಹೊನ್ನವ್ವ, ಆ ಗುಡಿಸಲುಗಳಿಗೆಲ್ಲ ಹಿರಿಯಳು.

“ದಿನಾ ಬೂದಿ ತೂರವರು ನೀವಲ್ಲೇನ್ರೀ?”

ಕಲ್ಮೇಶ ಹೌದೆಂದು ತಲೆಯಾಡಿಸಿದ.

“ನಿಮ್ಮಿಂದ ಭಾಳ ಉಪಕಾರ ಆಗೇತ್ರೀ. ನೀವು ಕೈ ಎತ್ತಿದ್ದು ಕಂಡ ಕೂಡಲೆ ಕೂಸುಗಳನ್ನ ಒಳಗ ಹಾಕಿ, ಗಡಗಿ ಮುಚ್ಚತೀವಿ. ಇಲ್ಲಾಂದ್ರ ಹೊಗಿ ಬರೂದು ಮೊದಲ ಹೆಂಗ ಗೊತ್ತಾಗಬೇಕು?”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಕಲ್ಮೇಶ ಏನಾದರೂ ತಿರುಗಿ ಅಂದು ಹಗುರಾಗುತ್ತಿದ್ದ. ಗುಡಿಸಲೊಳಗೆ ಕೂಸೊಂದು ಕೆಮ್ಮುತ್ತಲೇ ಇತ್ತು. ನಾಚಿಕೆಯಿಂದ ಅಲ್ಲಿ ನಿಲ್ಲಲಾಗದೆ ಅವನು ಅಜ್ಜನತ್ತ ನಡೆದ.

ಅಜ್ಜ ಮಠದ ದಂಡೆಯಿಂದ ತಂದಿದ್ದ ವಯರಿನ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಮೀನು ಕೊಯ್ಯುವ ಚಾಕುವಿನಿಂದ ಸಿಪ್ಪೆ ಸುಲಿಯುತ್ತಿದ್ದರು. ಪಕ್ಕದಲ್ಲಿ ಒಂದು ಹಿಡಿ ತಾಮ್ರ ಕೆಂಪಗೆ ಬಿದ್ದಿತ್ತು.

“ಇಷ್ಟೇ ಏನ್ರೀ?” ಎಂದ ಕಲ್ಮೇಶ.

“ಹೊನ್ನವ್ವ, ನಾನು ಕೂಡಿ ಎರಡು ದಿನಕ್ಕ ಇಷ್ಟು.”

“ಬೆಂಕಿಗೆ ಇದು ಒಂದು ಗಳಿಗಿ ಕೆಲಸ.”

“ಹೌದು.”

ಕಲ್ಮೇಶನಿಗೆ ಸಿಟ್ಟು ಬಂತು. ಯಾರ ಮೇಲೆಂದು ಅವನಿಗೇ ತಿಳಿಯಲಿಲ್ಲ.

“ಮಷೀನು ಅವರದು. ಸುಖ ಅವರದು. ನಮಗ ಬಂದದ್ದು ಅವರು ಒಗೆದ ವಯರು. ಹೊಗಿ ವಿಷ ಅಂತ ಗೊತ್ತಿದ್ದೂ ಇಲ್ಲಿಗೆ ಕಳಿಸಿದರು. ಅವರನ್ನ ಯಾರೂ ಕೇಳೂದಿಲ್ಲ. ನಾನಷ್ಟ ಯಾಕ ಕೈ ಕಟ್ಟಿ ಕುಂಡ್ರಬೇಕ್ರೀ ಅಜ್ಜಾರ?”

“ಅವರೂ ಗಾಳಿ ನೋಡೇ ಕಳಿಸ್ಯಾರ,” ಎಂದರು ಅಜ್ಜ.

ಕಲ್ಮೇಶ ಮರಳಿನ ಮೇಲೆ ಕುಳಿತ. ಹೊನ್ನವ್ವ ಮೀನು ತಿರುವಿ ಹಾಕುತ್ತಿದ್ದಳು. ಕಲ್ಮೇಶ ಆ ಹಿಡಿ ತಾಮ್ರವನ್ನು ಎತ್ತಿ ಕೈಯಲ್ಲಿ ತೂಗಿ ನೋಡಿದ.

ಕೊನೆಗೆ ಅವನೇ ಬಾಯಿಬಿಟ್ಟ. “ಫಕೀರವ್ವಗ, ಉಳಿದವರಿಗೆ ಚಾಕು ಕೊಡ್ತೀನ್ರೀ. ಆದಷ್ಟು ಸುಲೀಲಿ. ನಾನೂ ಅವರ ಕೂಡ ಕುಂಡ್ರತೀನಿ. ಹೊಟ್ಟಿಗೆ ಕಡಿಮಿ ಬಿದ್ದರ ಜೋಳಿಗಿ ಹಿಡೀತೀನಿ. ನೀವಿನ್ನ ಮಠಕ್ಕ ನಡೀರಿ.”

ಅಜ್ಜ ಚಾಕು ಕೆಳಗಿಡಲಿಲ್ಲ.

“ಈ ಎರಡು ದಿನ ಬೆಂಕಿ ಯಾಕ ಹಚ್ಚಲಿಲ್ಲೋ?”

“ನೀವು ಇಲ್ಲಿ ಕುಂತಿದ್ರೆಲ್ರೀ. ನಿಮ್ಮ ಮ್ಯಾಲ ಹೊಗಿ ಬಿಡಾಕ ನನಗ ಕೈ ಬರಲಿಲ್ಲ.”

ಗುಡಿಸಲೊಳಗೆ ಕೂಸು ಮತ್ತೆ ಕೆಮ್ಮಿತು. ಅಜ್ಜ ಇನ್ನೊಂದು ವಯರ್ ಎತ್ತಿಕೊಂಡರು.

“ಹಂಗಾರ ನಾ ಇನ್ನೂ ಏಳೂಹಂಗಿಲ್ಲ ಬಿಡು.”