ಚಪ್ಪಾಳೆ ತಟ್ಟದ ಎರಡು ಕೈ

"ಕೇಳ್ರಪ್ಪೋ ಕೇಳ್ರಿ! ಕರಡಿದುರ್ಗದ ರಾಣಿ ಪಂಪಾಂಬೆಯವರ ಅಪ್ಪಣೆ! ರಾಣಿಯವರ ಮೂರು ಒಗಟು ಬಿಡಿಸಿದವರಿಗೆ ಬಾಯಿಬಿಟ್ಟು ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ಅಮಾವಾಸ್ಯೆಯ ದಿನ ತಲೆ ಹೋಗುತ್ತದೆ. ಅದೇ ದಿನ ರಾಜದ್ರೋಹಿ ರೊಟ್ಟಿ ಹುಲಿಗೆವ್ವನಿಗೂ ಗಲ್ಲು!"

ಡಂಗುರದವನು ಪಕ್ಕದ ಸೀಮೆಯ ಸಂತೆಯಲ್ಲೂ ಹೀಗೆ ಸಾರಿದ. ಅಲ್ಲಿ ಯಾರದೋ ಕುದುರೆಗೆ ಮೇವು ಹಾಕುತ್ತಿದ್ದ ಸಣ್ಣೀರನ ಕೈಯಿಂದ ಹುಲ್ಲಿನ ಹೊರೆ ಜಾರಿ ಬಿತ್ತು. ಹುಲಿಗೆವ್ವ ಅವನ ಹೆತ್ತವ್ವ.

ನಡೆದದ್ದು ಇಷ್ಟು. ಬಯಲಾಟ ನೋಡುತ್ತ ಕೂತಿದ್ದ ದೊರೆ, ರಾಣಿಯ ಅಪ್ಪ ಗುಜ್ಜಲ ನಾಯಕನನ್ನು ರಕ್ಕಸನ ವೇಷದ ಭರಮಣ್ಣ ಇರಿದು ಕೊಂದಿದ್ದ. ಕುದುರೆ ಹತ್ತಿ ಓಡಿದವನು ಹಳ್ಳದಲ್ಲಿ ಸಿಕ್ಕಿಬಿದ್ದ, ಮುಖದ ಬಣ್ಣ ತೊಳೆಯುವ ಮೊದಲೇ ಗಲ್ಲಿಗೇರಿದ. ಗದ್ದುಗೆಯ ಆಸೆಗೆ ಅವನನ್ನು ಎತ್ತಿಕಟ್ಟಿದ ದಳವಾಯಿ ಚಿತ್ರನಾಯಕ, ಬಾಗಿಲಿಗೆ ಸೈನಿಕರು ಬಂದರೆಂದು ತಿಳಿದು ವಿಷ ಕುಡಿದ. ಆಮೇಲೆ ಹುಲಿಗೆವ್ವನ ಅಟ್ಟದಲ್ಲಿ ವೇಷಕ್ಕೆ ಹಚ್ಚುವ ಹೊಳೆಯುವ ತೆಳು ತಗಡಿನ, ಬೇಗಡೆಯ ಚೂರು ಸಿಕ್ಕವು. ಅಟ್ಟ ಹತ್ತಿದವರು ಯಾರೆಂದು ಕೇಳಿದರೆ ಮುದುಕಿ ತುಟಿ ಬಿಚ್ಚಲಿಲ್ಲ. ಮಗ ಮಾತ್ರ ಅವತ್ತೇ ಊರು ಬಿಟ್ಟಿದ್ದ, ಗಂಡಸು!

ಸಂತೆಯಲ್ಲಿ ನಿಂತಲ್ಲೇ ಸಣ್ಣೀರನಿಗೆ ನಾಚಿಕೆಯಿಂದ ಮೈ ಬೆವೆತಿತು. ಅವ್ವ ಸಾಯುತ್ತಾಳೆ, ತಾನು ಹುಲ್ಲು ಹಾಕುತ್ತಿದ್ದೇನೆ! ಹೊರೆಯನ್ನು ಅಲ್ಲೇ ಬಿಟ್ಟು ಹೊರಟ.

ಅರಮನೆಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಮೂಲೆಯಲ್ಲಿ ಹುಲಿಗೆವ್ವ ಬೇಡಿ ಹಾಕಿಸಿಕೊಂಡು ಕೂತಿದ್ದಳು. ಸಣ್ಣೀರ ಕಂಬದ ಮರೆಗೆ ಸರಿದ. ರಾಣಿಯ ಕೈಹಿಡಿಯುವ ಆಸೆಯಿಂದ ಬಂದಿದ್ದ ಒಬ್ಬ ರಾಜಕುಮಾರ ಮುಂದೆ ನಿಂತಿದ್ದ.

ರಾಣಿ ಕೇಳಿದಳು: "ಕತ್ತಿ ಹಿಡಿದು ಬಂದವನಿಗೆ ಕಾವಲಿನವರೇ ಕೇಕೆ ಹಾಕಿ ದಾರಿ ಬಿಟ್ಟರು. ಯಾಕೆ?"

"ಅದೇನು ಮಹಾ? ಲಂಚ ತಿಂದಿದ್ದರು!"

"ತಪ್ಪು," ಎಂದಳು ರಾಣಿ. ಅವನನ್ನು ಸೆರೆಮನೆಗೆ ಎಳೆದೊಯ್ದರು.

ಇನ್ನೊಬ್ಬ ಅರಸುಮಗ ಊರಲ್ಲಿ ವಿಚಾರಿಸಿಕೊಂಡೇ ಬಂದಿದ್ದ. ಮೊದಲನೆಯದನ್ನು ಗೆದ್ದ. "ಎಲ್ಲರೂ ಮರ ಎಂದು ನಂಬಿದ್ದು ಮರವಲ್ಲ. ಅದಕ್ಕೆ ಬಟ್ಟೆ ತೊಡಿಸಿದ್ದು ಎಲ್ಲಿ, ಯಾವುದರಿಂದ?" ಎಂದಾಗ, "ದಳವಾಯಿಯ ಮನೆಯಲ್ಲಿ, ರೇಷ್ಮೆಯಿಂದ," ಎಂದು ಬೀಗಿದ. ಅವನೂ ಸೆರೆಮನೆ ಸೇರಿದ. ಇನ್ನು ಯಾರೂ ಮುಂದೆ ಬರಲಿಲ್ಲ. ನಾಳೆಯೇ ಅಮಾವಾಸ್ಯೆ.

ಸಣ್ಣೀರ ಕಂಬ ಬಿಟ್ಟು ಬಂದ. ಅವನನ್ನು ಕಂಡ ಹುಲಿಗೆವ್ವ ಬೇಡಿ ಸದ್ದಾಗುವಂತೆ ಎದ್ದು, "ಈ ಹುಡುಗ ಯಾರೋ ಹುಚ್ಚ! ಆಚೆಗೆ ಹಾಕಿ!" ಎಂದು ಚೀರಿದಳು.

"ಹುಚ್ಚನಲ್ಲ ತಾಯಿ, ಅವಳ ಮಗ," ಎಂದ ಸಣ್ಣೀರ. "ನಮ್ಮ ಬಯಲಾಟದಲ್ಲಿ ರಕ್ಕಸ ಜನರ ಹಿಂದಿನಿಂದ ಬರುತ್ತಾನೆ. ಕಾವಲಿನವರಾದರೂ ಸರಿ, ಎದ್ದು ಕೇಕೆ ಹಾಕಿ ದಾರಿ ಬಿಡಬೇಕು, ಇಲ್ಲದಿದ್ದರೆ ಊರಿಗೆ ಕೇಡು. ಅದಕ್ಕೇ ಬಿಟ್ಟರು."

ಕಾವಲಿನವರು ನೆಲ ನೋಡಿದರು.

"ಎರಡನೆಯದು?"

"ವೇಷದವರ ಕತ್ತಿ ಮರದ್ದು. ಭರಮಣ್ಣನದು ಉಕ್ಕಿನದು. ನಮ್ಮ ಅಟ್ಟದಲ್ಲಿ ಅದಕ್ಕೆ ಬೇಗಡೆ ಅಂಟಿಸಿದ್ದು ನಾನೇ. ಅವ್ವ ಕೆಳಗೆ ರೊಟ್ಟಿ ತಟ್ಟುತ್ತಿದ್ದಳು, ಅವಳಿಗೆ ಏನೂ ಗೊತ್ತಿಲ್ಲ."

ರಾಣಿ ಮೆಲ್ಲಗೆ ಕೇಳಿದಳು: "ಅಪ್ಪ ಬಿದ್ದದ್ದೂ ಆಟವೇ ಎಂದುಕೊಂಡು ಊರಿಗೆ ಊರೇ ಚಪ್ಪಾಳೆ ತಟ್ಟಿತು. ತಟ್ಟದೆ ಉಳಿದದ್ದು ಎರಡೇ ಕೈ. ಅವು ಏನು ಮಾಡುತ್ತಿದ್ದವು?"

"ವೇಷ ಕಟ್ಟುವ ಚೌಕಿಯ ಹಿಂದೆ ಕುದುರೆಯ ಲಗಾಮು ಹಿಡಿದಿದ್ದವು." ಸಣ್ಣೀರ ಎರಡೂ ಕೈ ಮುಂದೆ ಚಾಚಿದ. "ಇವೇ ತಾಯಿ."

ರಾಣಿ ಎದ್ದಳು. "ಈ ಉತ್ತರ ಒಬ್ಬನಿಗೇ ಗೊತ್ತಿರಬೇಕು ಎಂದು ನನಗೆ ಗೊತ್ತಿತ್ತು. ನಿನ್ನನ್ನು ಹಿಡಿಯಲೆಂದೇ ಈ ಒಗಟು. ಒಂದು ಮಾತು ಹೇಳು. ಕುದುರೆ ಯಾಕೆಂದು ನಿನಗೆ ಗೊತ್ತಿತ್ತೋ ಇಲ್ಲವೋ? ತಿಳಿಯದೆ ಮಾಡಿದವನಿಗೆ ನಮ್ಮಲ್ಲಿ ಶಿಕ್ಷೆಯಿಲ್ಲ."

ಇಲ್ಲ ಅನ್ನೋ, ಇಲ್ಲ ಅನ್ನು ಎಂದು ಹುಲಿಗೆವ್ವ ಕಣ್ಣಲ್ಲೇ ಬೇಡುತ್ತಿದ್ದಳು. ಎರಡಕ್ಷರ ಹೇಳಿಬಿಟ್ಟರೆ ಬದುಕು. ಆದರೆ ಅಷ್ಟು ದಿನ ತಾನು ಮುಚ್ಚಿಟ್ಟ ತಪ್ಪಿನ ಬೇಡಿ ಅವಳ ಕಾಲಲ್ಲಿತ್ತು. ಅದನ್ನು ನೋಡಿ ಸುಳ್ಳು ಹೇಳಲು ಅವನಿಗೆ ಆಗಲಿಲ್ಲ.

"ಗೊತ್ತಿತ್ತು ತಾಯಿ. ಆಮೇಲೆ ಆ ಕುದುರೆಯನ್ನು ನನಗೇ ಕೊಡುತ್ತೇವೆ ಎಂದಿದ್ದರು. ಒಂದು ಕುದುರೆಯ ಆಸೆಗೆ ದೊರೆಯನ್ನು ಕೊಲ್ಲಿಸಿದೆ. ನನ್ನನ್ನು ನೇಣಿಗೆ ಹಾಕಿ. ನಾನು ಕೇಳುವುದು ನಮ್ಮವ್ವನ ಬಿಡುಗಡೆ, ಅಷ್ಟೇ."

ರಾಣಿ ತನ್ನ ಅಂಗೈಗಳನ್ನೇ ನೋಡಿಕೊಂಡಳು. "ಮೊದಲು ತಟ್ಟಿದವಳು ನಾನು," ಎಂದಳು. "ಭಲೇ ಎಂದೂ ಕೂಗಿದೆ. ಬಾಯಿಬಿಡದ ಮುದುಕಿಯನ್ನು ಕೊಲ್ಲಲೂ ಹೊರಟಿದ್ದೆ. ಸರಿ ಉತ್ತರ ಹೇಳಿದವನ ತಲೆ ತೆಗೆಯುತ್ತೇನೆಂದು ನಾನು ಸಾರಿಸಿಲ್ಲ, ಕೊಟ್ಟ ಮಾತು ತಪ್ಪುವುದಿಲ್ಲ. ಒಗಟು ಅವರನ್ನು ಹಿಡಿಯಲೆಂದು ಇಟ್ಟದ್ದಲ್ಲ, ಸೆರೆಯಲ್ಲಿರುವ ಅರಸುಮಕ್ಕಳನ್ನೂ ಬಿಡಿ. ನಾವೆಲ್ಲ ಈ ಕೈ ಇಟ್ಟುಕೊಂಡೇ ಉಣ್ಣುತ್ತಿದ್ದೇವೆ. ನೀನೂ ಹಾಗೇ ಬದುಕು, ಹೋಗು."

ಬೇಡಿ ಕಳಚಿದರು. ಸಣ್ಣೀರ ಅವ್ವನ ತೋಳು ಹಿಡಿಯಲು ಹೋದ. ಅವಳು ತೋಳು ಬಿಡಿಸಿಕೊಂಡು, "ಹಿಂದೆ ಬಾ. ಪಕ್ಕಕ್ಕೆ ಬರಬೇಡ," ಎಂದಳು.

ಊರ ನಡುವೆ ಹಾಗೇ ನಡೆದರು. ಇಬ್ಬರನ್ನು ನೋಡಿ ಯಾರೂ ಬೈಯಲಿಲ್ಲ, ಬೈಯುವ ಮುಖ ಯಾರಿಗಿತ್ತು? ಮನೆಗೆ ಬಂದು ಹುಲಿಗೆವ್ವ ಒಲೆ ಹಚ್ಚಿ ರೊಟ್ಟಿ ಸುಟ್ಟಳು, ತಟ್ಟೆಗೆ ಹಾಕಿ ಮಗನ ಮುಂದೆ ಇಟ್ಟಳು. ಇನ್ನೊಂದು ಹಾಕಲಾ ಎಂದು ಮಾತ್ರ ಕೇಳಲಿಲ್ಲ. ಸಣ್ಣೀರನಿಗೂ ಬೇಕು ಎನ್ನಲು ಬಾಯಿ ಬರಲಿಲ್ಲ.