ಮರಳಲ್ಲಿ ಸಿಕ್ಕಿದ್ದೆಲ್ಲ ಧಣಿಯದು

ದೋಣಿ ಎಂಜಿನ್ ರಿಪೇರಿ ಬಿಟ್ಟ ಮೇಲೆ ಗಣಪು ಹರಿಕಂತ್ರನಿಗೆ ಲೋಹ ಹುಡುಕುವ ಯಂತ್ರದ ಗೀಳು ಹತ್ತಿತು. ಕಡಲು ಯಾವುದು, ಆಕಾಶ ಯಾವುದು ಎಂದು ತಿಳಿಯದ ಬೆಳಗಿನ ಮಂಜಿನಲ್ಲಿ ಅವನು ಕನಸಿನಲ್ಲಿ ನಡೆದಂತೆ ದಂಡೆಯುದ್ದಕ್ಕೂ ನಡೆಯುತ್ತಿದ್ದ. ಯಂತ್ರ ಕುಂಯ್ ಎಂದಲ್ಲಿ ಮೆಲ್ಲಗೆ ಅಗೆಯುತ್ತಿದ್ದ. ಸಿಕ್ಕಿದ್ದನ್ನು ಚೀಲಕ್ಕೆ ಹಾಕಿ, ಗುಂಡಿ ಮುಚ್ಚಿ, ಅಂಗೈಯಿಂದ ಮರಳು ಸವರಿ ಮುಂದೆ ಹೋಗುತ್ತಿದ್ದ.

ಒಂದು ದಿನ ದಂಡೆಯ ರೆಸಾರ್ಟಿನ ಧಣಿ ವಾಮನರಾಯರು ಅಡ್ಡ ನಿಂತರು. "ಇಲ್ಲಿ ಓಡಾಡುವವರು ನನ್ನ ಅತಿಥಿಗಳು. ಮರಳಲ್ಲಿ ಸಿಕ್ಕಿದ್ದೆಲ್ಲ ನನಗೆ ಸೇರಬೇಕು. ಇಲ್ಲದಿದ್ದರೆ ಈ ಕಡೆ ಕಾಲಿಡಬೇಡ."

ಆ ನಡಿಗೆಯಿಲ್ಲದೆ ಗಣಪುವಿಗೆ ಬೆಳಗೇ ಆಗುತ್ತಿರಲಿಲ್ಲ. "ಎಲ್ಲವೂ ಬೇಕಾ ಒಡೆಯರೇ?" ಎಂದು ಕೇಳಿದ.

"ಒಂದು ಮೊಳೆಯನ್ನೂ ಬಿಡಬಾರದು."

ಮರುದಿನ ಅತಿಥಿಗಳು ತಿಂಡಿಗೆ ಕೂತಿದ್ದಾಗ ಗಣಪು ಬಂದು ರಾಯರ ಮೇಜಿನ ಮೇಲೆ ಚೀಲ ಸುರಿದ. ಬಿಯರ್ ಬಾಟಲಿಯ ಮುಚ್ಚಳಗಳು, ತುಕ್ಕು ಹಿಡಿದ ಗಾಳ, ನಜ್ಜುಗುಜ್ಜಾದ ಡಬ್ಬಿಗಳು. ಮೂರನೆಯ ದಿನ ಮೇಜು ಸಾಲದೆ ನೆಲಕ್ಕೂ ಸುರಿದ.

"ಏನಿದು?" ಎಂದು ಒಬ್ಬ ಅತಿಥಿ ಕೇಳಿದರು.

"ಧಣಿಗಳ ಸೊತ್ತು," ಎಂದ ಗಣಪು ವಿನಯದಿಂದ. "ನಿಮ್ಮಂಥವರು ಮರಳಲ್ಲಿ ಮರೆತು ಹೋದದ್ದು."

ಅತಿಥಿ ತಲೆ ತಗ್ಗಿಸಿದರು. ರಾಯರ ಮುಖ ಕೆಂಪೇರಿತು. ಅಂದೇ ಸಂಜೆ ದಂಡೆಯಲ್ಲಿ ನಾಲ್ಕು ಕಸದ ತೊಟ್ಟಿಗಳು ಬಂದು ನಿಂತವು.

"ಇನ್ನು ಸಿಕ್ಕಿದ್ದನ್ನು ನೀನೇ ಇಟ್ಟುಕೋ ಮಾರಾಯ," ಎಂದರು ರಾಯರು.

"ಉಂಗುರ ಸಿಕ್ಕರೆ ಕಳಕೊಂಡವರನ್ನು ಹುಡುಕಿ ಕೊಡ್ತೇನೆ," ಎಂದ ಗಣಪು. "ಮುಚ್ಚಳ ಸಿಕ್ಕರೆ ಮಾತ್ರ ನಿಮ್ಮ ಹತ್ತಿರವೇ ತರ್ತೇನೆ."